ಝೀಕನ ಕೊನೆಯ ದನಿ

ಮಕ್ಕಳೇ, ಕಲ್ಲುಗುಡ್ಡದ ಕುರುಚಲು ಕಾಡಿನಲ್ಲಿ ಒಂದು ಕಾರೆ ಗಿಡವಿತ್ತು. ಅದರ ತುಂಬ ಹುಣಸೆ ಬೀಜದಷ್ಟೇ ಇರುವ ಪುಟ್ಟ ಜೀರುಂಡೆಗಳು. ಪಾಪ, ಅವುಗಳ ಬಾಳೇ ಅಂಥದ್ದು. ನಾಲ್ಕು ವರ್ಷ ಮಣ್ಣಿನೊಳಗೆ ಬೇರಿನ ರಸ ಹೀರಿಕೊಂಡು ಬಿದ್ದಿರಬೇಕು. ಮೇಲೆ ಬಂದು ಬಿಸಿಲು ಕಾಣುವುದು ಬರೀ ಹದಿನೈದು ದಿನ. ಅಷ್ಟರೊಳಗೆ ಗಂಡು ಹಾಡಬೇಕು, ಹೆಣ್ಣು ಒಲಿಯಬೇಕು, ಮೊಟ್ಟೆ ಇಡಬೇಕು. ಆಮೇಲೆ ಮುಗಿಯಿತು, ಅಷ್ಟೇ.

ಆ ಗಿಡದಲ್ಲೊಂದು ಕಟ್ಟುಪಾಡಿತ್ತು. ಕಾಜಾಣ ಹಕ್ಕಿಯ ನೆರಳು ಬಿದ್ದೊಡನೆ ಎಲ್ಲರೂ ಒಟ್ಟಿಗೆ ಹಾಡು ನಿಲ್ಲಿಸಬೇಕು. ಆಗ ಯಾರು ಎಲ್ಲಿದ್ದಾರೆಂದು ಹಕ್ಕಿಗೆ ಗೊತ್ತಾಗುವುದಿಲ್ಲ.

ಝೀಕನೆಂಬ ಗಂಡಿಗೆ ಇದು ಹಿಡಿಸಲಿಲ್ಲ. "ಗುಂಪಿನಲ್ಲಿ ಗೋವಿಂದ ಅಂತ ಹಾಡಿದರೆ ನನ್ನ ದನಿ ಯಾರಿಗೆ ಕೇಳುತ್ತೆ?" ಎಂದುಕೊಂಡ. ಮರುದಿನ ನೆರಳು ಬಿದ್ದು ಎಲ್ಲರೂ ನಿಲ್ಲಿಸಿದ ಮೇಲೂ ಒಂದು ಗಳಿಗೆ ಹಾಡಿದ. ಅದೃಷ್ಟ, ಹಕ್ಕಿ ಹಾರಿಹೋಯಿತು.

ಮುದ್ದಜ್ಜ ಗದರಿದ. ಎಂಟು ದಿನ ಮೊದಲೇ ಮಣ್ಣಿನಿಂದೆದ್ದು ಬಂದಿದ್ದರಿಂದ ಅವನೇ ಅಲ್ಲಿ ಅಜ್ಜ! "ಏನೋ ನಿನ್ನ ಕೊಬ್ಬು? ಹಕ್ಕಿಗೆ ದಾರಿ ತೋರಿಸ್ತೀಯಾ?"

"ಸತ್ತರೆ ನಾನು ತಾನೇ ಸಾಯೋದು? ನಿಮಗೇನಜ್ಜಾ ನೋವು?"

ಎದುರು ಕೊಂಬೆಯಲ್ಲಿದ್ದ ಹೊನ್ನಿಯೆಂಬ ಹೆಣ್ಣಿಗೆ ಆ ಒಂಟಿ ದನಿ ಕೇಳಿಸಿತ್ತು. ಅವಳು ಪಟಕ್ಕನೆ ರೆಕ್ಕೆ ಬಡಿದು ಓಗೊಟ್ಟಳು, ಹಾರಿಬಂದು ಝೀಕನ ಪಕ್ಕ ಕುಳಿತಳು.

"ಹಾಡಿದ್ದು ನೀನೇನಾ?"

"ನಾನೇ! ಇನ್ನೊಂದು ಸಲ ಕೇಳು."

"ಅಯ್ಯೋ, ನೆರಳು ಬರ್ತಿದೆ ಕಣೋ. ಈಗ ಬೇಡ."

"ಈಗಲೇ ಕೇಳಬೇಕು. ನನ್ನೊಬ್ಬನದೇ ದನಿ ಇರೋದು ಈಗ ತಾನೇ?"

ಇಡೀ ಗಿಡ ಸುಮ್ಮನಾಯಿತು. ಝೀಕ ಹಾಡಿದ. ಕಾಜಾಣ ಸೀದಾ ಆ ಕೊಂಬೆಗೇ ಎರಗಿತು. ಝೀಕ ಕೊಂಬೆಯ ಹಿಂಬದಿಗೆ ಸರಿದುಬಿಟ್ಟ. ಕೊಕ್ಕಿಗೆ ಸಿಕ್ಕಿದ್ದು ಹೊನ್ನಿ. ಅವಳ ಒಂದು ರೆಕ್ಕೆ ಮಾತ್ರ ಎಲೆಯ ಮೇಲೆ ಉಳಿಯಿತು.

"ಅಜ್ಜಾ, ನಾನು ಬೇಕೂಂತ ಮಾಡಲಿಲ್ಲ!" ಎಂದು ಝೀಕ ಅತ್ತ.

"ಸಾಯೋದು ನಾನು ತಾನೇ ಅಂದಿದ್ದೆಯಲ್ಲೋ," ಎಂದ ಮುದ್ದಜ್ಜ. "ಸತ್ತೆಯೇನೋ?"

ಸಂಜೆಯೊಳಗೆ ಎಲ್ಲರೂ ಆಚೆ ಗಿಡಕ್ಕೆ ಹೋದರು. ಝೀಕನನ್ನು ಯಾರೂ ಕರೆಯಲಿಲ್ಲ.

ಅವನಿಗಿನ್ನೂ ಹನ್ನೊಂದು ದಿನ ಬಾಕಿಯಿತ್ತು. ಹನ್ನೊಂದು ದಿನವೂ ಹಾಡಿದ. ಆಸೆಪಟ್ಟಂತೆಯೇ ಆ ಗಿಡದಲ್ಲಿ ಅವನದೊಂದೇ ದನಿ. ಓಗೊಡಲು ಒಂದು ಹೆಣ್ಣೂ ಬರಲಿಲ್ಲ. ಕಾಜಾಣವೂ ಗುಂಪಿದ್ದ ಕಡೆಗೇ ಹೋಗುತ್ತಿತ್ತು, ಇತ್ತ ತಲೆ ಹಾಕಲಿಲ್ಲ. ಕೊನೆಗೆ ಬುಡಕ್ಕೆ ಬಿದ್ದವನನ್ನು ಇರುವೆಗಳು ಎಳೆದುಕೊಂಡು ಹೋದವು.

ನೀತಿ: ಕಟ್ಟು ಮುರಿಯುವವನು ಒಬ್ಬ, ಅದಕ್ಕೆ ತಲೆ ಕೊಡುವವರು ಇನ್ನೊಬ್ಬರು.