ತೊಡೆಯ ಮೇಲಿನ ಮೋಡೆಮ್

"ಗುರುಗಳೇ, ನನ್ನ ಚಾಪೆಯನ್ನು ನಿಮ್ಮ ಕೋಣೆಯೊಳಕ್ಕೆ ತರಲೇ?"

ಶಿಷ್ಯ ಚಾಪೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡೇ ಬಂದಿದ್ದ. "ಮಠಕ್ಕೆ ಬಂದಾಗ ಅಂಗಳದಲ್ಲಿ ಮಲಗುತ್ತಿದ್ದೆ. ಆಮೇಲೆ ಜಗಲಿಗೆ ಬಂದೆ. ಈಗ ನಿಮ್ಮ ಹೊಸ್ತಿಲ ಆಚೆಗೇ ಮಲಗುತ್ತೇನೆ. ಇಷ್ಟು ಹತ್ತಿರವಿದ್ದೂ ಏನೂ ತಿಳಿಯಲಿಲ್ಲ. ತಲೆ ನರೆಯುತ್ತಿದೆ. ಭಯವಾಗುತ್ತದೆ."

ಗುರುಗಳು ತಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಕತೆ ಹೇಳಿದರು.

ಒಬ್ಬ ಬಳೆ ವ್ಯಾಪಾರಿ. ಅವನ ಊರು ಒಂದು ದೊಡ್ಡ ಬಂಡೆಗುಡ್ಡದ ಬುಡದಲ್ಲಿತ್ತು. ಗುಡ್ಡ ಅಡ್ಡವಿದ್ದುದರಿಂದ ಮನೆಗಳಿಗೆ ಮೊಬೈಲ್ ಸಿಗ್ನಲ್ ಬರುತ್ತಿರಲಿಲ್ಲ. ಊರ ಅಗಸಿ ಬಾಗಿಲು ದಾಟಿ ನಿಂತರೆ ಬರುತ್ತಿತ್ತು. ಮಾತಾಡಬೇಕೆಂದಾಗಲೆಲ್ಲ ಅಗಸಿಗೆ ಓಡುವುದು ತನ್ನ ಅಂತಸ್ತಿಗೆ ತಕ್ಕದ್ದಲ್ಲವೆಂದು ವ್ಯಾಪಾರಿ ಮನೆಗೆ ಬ್ರಾಡ್‌ಬ್ಯಾಂಡ್ ತಂತಿ ಎಳೆಸಿದ. ಮೋಡೆಮ್ ಅನ್ನು ನಡುಮನೆಯಲ್ಲಿ, ದೇವರ ಗೂಡಿನ ಪಕ್ಕದ ಗೂಡಿನಲ್ಲಿಟ್ಟ. ಎರಡಕ್ಕೂ ಬೆಳಿಗ್ಗೆ ಒಂದೇ ಬಟ್ಟೆಯಿಂದ ಧೂಳು ಒರೆಸುತ್ತಿದ್ದ.

ಅವನಿಗೆ ಒಬ್ಬಳೇ ಮಗಳು, ನೀಲಾ. ದೂರದ ಶಹರದ ಆಸ್ಪತ್ರೆಯಲ್ಲಿದ್ದಳು. ಹೃದಯದ ಆಪರೇಷನ್. ಜೊತೆಗಿರಲು ಒಬ್ಬರಿಗಷ್ಟೇ ಅವಕಾಶವಿದ್ದುದರಿಂದ ಅವಳ ಗಂಡ ಇದ್ದ. ಹಿಂದಿನ ದಿನ ಅವಳು ತಂದೆಗೆ ಹೇಳಿದ್ದಳು: "ಅಪ್ಪಾ, ನಾಳೆ ನಾಲ್ಕಕ್ಕ ಒಳಗ ಕರಕೊಂಡು ಹೋಗ್ತಾರಂತ. ಅದಕ್ಕ ಮೊದಲು ವಿಡಿಯೊ ಕಾಲ್ ಮಾಡ್ತೀನಿ. ನಿನ್ನ ಮುಖ ನೋಡೇ ಹೋಗಾಕಿ ನಾನು."

ಮರುದಿನ ವ್ಯಾಪಾರಿ ಊಟ ಮಾಡಿದಂತೆ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಪಡಸಾಲೆಯಲ್ಲಿ ಫೋನು ಹಿಡಿದು ಕುಳಿತ. ಮೂರು ಹೊಡೆದಿತ್ತು. ವಿಡಿಯೊ ಕಾಲಿನ ಆ್ಯಪ್ ತೆರೆದರೆ ಫೋನಿನ ಮೇಲೆ ಒಂದು ಚಕ್ರ ತಿರುಗುತ್ತಿತ್ತು. ತಿರುಗುತ್ತಲೇ ಇತ್ತು. ಮೂಲೆಯಲ್ಲಿ ವೈಫೈ ಗೀಟುಗಳು ಅರ್ಧ ಮಾತ್ರ ತುಂಬಿದ್ದವು. ದೂರ ಕುಳಿತಿದ್ದೇ ತಪ್ಪಾಯಿತು ಎಂದುಕೊಂಡು ನಡುಮನೆಗೆ ಹೋದ. ಇನ್ನೊಂದು ಗೀಟು ತುಂಬಿತು. ಜೀವ ಬಂದಂತಾಯಿತು. ಗೂಡಿನ ಕೆಳಗೇ ಹೋಗಿ ಕುಳಿತ. ಗೀಟುಗಳೆಲ್ಲ ತುಂಬಿದವು.

ಚಕ್ರ ಮಾತ್ರ ನಿಲ್ಲಲಿಲ್ಲ. ಅದರ ಕೆಳಗೆ ಇಂಟರ್ನೆಟ್ ಇಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಸಣ್ಣ ಅಕ್ಷರವನ್ನು ಜನ ನೆಮ್ಮದಿಯಲ್ಲೇ ಓದುವುದಿಲ್ಲ. ಅವನಿಗೆ ಓದುವ ಸ್ಥಿತಿಯೂ ಇರಲಿಲ್ಲ.

ಮೋಡೆಮ್ ಆರಿಸಿ ಮತ್ತೆ ಹಾಕಿದ. ಫ್ಯಾನು ನಿಲ್ಲಿಸಿದ. ಒಳಗೆ ಮಿಕ್ಸರ್ ತಿರುಗಿಸುತ್ತಿದ್ದ ಹೆಂಡತಿಯ ಮೇಲೆ ಕೂಗಾಡಿದ. ಹಾಡು ಹಚ್ಚಿದ್ದ ಪಕ್ಕದ ಮನೆಯವರಿಗೆ ಕಿಟಕಿಯಿಂದಲೇ ಬೈದ. ಹಾಡಿಗೂ ಇಂಟರ್ನೆಟ್ಟಿಗೂ ಏನು ಸಂಬಂಧವೆಂದು ಅವರು ಕೇಳಲಿಲ್ಲ. ಮಗಳ ಸುದ್ದಿ ಅವರಿಗೂ ಗೊತ್ತಿತ್ತು. ಕೊನೆಗೆ ಮೋಡೆಮ್ ಅನ್ನು ಗೂಡಿನಿಂದ ಇಳಿಸಿ, ಕೂಸನ್ನು ಮಲಗಿಸಿಕೊಂಡಂತೆ ತೊಡೆಯ ಮೇಲಿಟ್ಟುಕೊಂಡು, ಅದರ ಬೆನ್ನಿಗೆ ಫೋನು ಒತ್ತಿ ಹಿಡಿದ.

ಹೆಂಡತಿ ಬಂದು ನೋಡಿದಳು. "ಅಲ್ಲರಿ, ಅದರ ಮ್ಯಾಲೆ ಕೆಂಪು ದೀಪ ಹತ್ತೇತಲ್ಲ. ಹೊರಗಿನ ತಂತಿಯೊಳಗ ಏನೂ ಬರಲಿಲ್ಲಂದ್ರ ಅದು ಕೆಂಪ ಆಕ್ಕೇತಿ ಅಂತ ಕೂಡಿಸಿ ಹೋದಾವ ಹೇಳಿದ್ನಲ್ಲ?"

"ದೀಪದ ಸುದ್ದಿ ಬಿಡು. ಇಲ್ಲಿ ನೋಡು, ಗೀಟು ಎಲ್ಲಾ ತುಂಬ್ಯಾವ."

"ಗೀಟು ನಿಮಗೂ ಅದಕ್ಕೂ ನಡುವಿಂದು. ಅದಕ್ಕಽ ಏನೂ ಬರವಲ್ದು ಅಂದ್ರ ನಿಮಗೇನು ಕೊಡತೇತಿ?"

ಅವನು ಫೋನನ್ನು ಇನ್ನಷ್ಟು ಒತ್ತಿದ.

ಅವಳು ಸೆರಗು ಸಿಗಿಸಿಕೊಂಡು ತಂತಿ ಹೋದ ದಾರಿ ಹಿಡಿದು ಹೊರಟಳು. ಅಗಸಿಯ ಹತ್ತಿರ ಜೋಳದ ಒಣದಂಟಿನ ಕಣಿಕೆ ಎತ್ತರಕ್ಕೆ ಹೇರಿದ ಟ್ರ್ಯಾಕ್ಟರೊಂದು ನಿಂತಿತ್ತು. ಕಣಿಕೆಗೆ ಸಿಕ್ಕಿಕೊಂಡ ತಂತಿ ಹರಿದು ರಸ್ತೆಯ ಮೇಲೆ ಬಿದ್ದಿತ್ತು. ಅವಳು ಓಡುತ್ತಲೇ ಮರಳಿದಳು.

"ತಂತಿ ಹರಿದು ಬಿದ್ದೇತಿ. ಏಳ್ರಿ, ಅಗಸಿ ದಾಟಿದ್ರ ಸಿಗ್ನಲ್ ಸಿಗತೇತಿ. ಇನ್ನೂ ಟೈಮ್ ಐತಿ."

ವ್ಯಾಪಾರಿ ಏಳಲು ಹೋದ. ಆಗ ಅವನಿಗೆ ಹೊಸದೊಂದು ಭಯ ಹುಟ್ಟಿತು. "ನಾ ಎದ್ದು ಹೋದ ಮ್ಯಾಲೆ ಇಲ್ಲಿ ಬಂದುಬಿಟ್ರ?"

"ಹರಿದ ತಂತಿಯೊಳಗ ಹೆಂಗ ಬರತೇತಿ? ಆತು, ಫೋನರ ಕೊಡ್ರಿ. ನಾನಽ ಹೋಗಿ ಮಾತಾಡ್ತೀನಿ."

ಅವನು ಫೋನು ಕೊಡಲಿಲ್ಲ. ಕೊಟ್ಟರೆ ಗೀಟುಗಳು ಕಡಿಮೆಯಾಗುತ್ತಿದ್ದವು. ಅವಳು ಕೈ ಚಾಚಿಕೊಂಡೇ ನಿಂತಳು. ಅವನು ಕಣ್ಣು ಮುಚ್ಚಿ, ಮೋಡೆಮ್ ತಬ್ಬಿಕೊಂಡು, ಪಕ್ಕದ ಗೂಡಿನ ದೇವರನ್ನೂ ಕರೆದ. ಆ ದೇವರಿಗೆ ಎಲ್ಲಿಂದ ತಂತಿ ಬಂದಿತ್ತೋ ಗೊತ್ತಿಲ್ಲ. ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು.

ಗುರುಗಳು ನಿಲ್ಲಿಸಿದರು.

"ಮಗಳು ಉಳಿದಳೇ?" ಶಿಷ್ಯ ಗಾಬರಿಯಿಂದ ಕೇಳಿದ.

"ಉಳಿದಳು. ಅದರಲ್ಲಿ ವ್ಯಾಪಾರಿಯ ಪಾಲೇನೂ ಇರಲಿಲ್ಲ. ಮನೆಗೆ ಬಂದ ದಿನ ಅವಳು ಕೇಳಿದ್ದು ಒಂದೇ ಮಾತು: 'ಬಾಗಿಲ ಒಳಗ ಒಯ್ಯೂತನಕ ಕಾಲ್ ಮಾಡಿದ್ನೆಪ್ಪಾ. ಎಲ್ಲಿ ಹೋಗಿದ್ದಿ?' ಅವನು ಹೇಳಿದ: 'ಎಲ್ಲೂ ಹೋಗಿದ್ದಿಲ್ಲವ್ವಾ. ಅದನ್ನ ತೊಡಿ ಮ್ಯಾಲೆ ಇಟ್ಕೊಂಡಽ ಕುಂತಿದ್ದೆ.'"

ಶಿಷ್ಯನಿಗೆ ಸಿಟ್ಟು ಬಂತು. "ಎಂಥ ಮೂರ್ಖ, ಗುರುಗಳೇ! ಕೆಂಪು ದೀಪ ಕಣ್ಣೆದುರಿಗೇ ಉರಿಯುತ್ತಿತ್ತು. ಹತ್ತಿರವಿದ್ದೇನೆ, ಇನ್ನೂ ಹತ್ತಿರ ಹೋಗಬೇಕು ಎನ್ನುವುದೊಂದೇ ಅವನ ಚಿಂತೆ. ತಾನು ಹತ್ತಿರ ಹೋದ ವಸ್ತುವಿಗೇ ಎಲ್ಲಿಂದ ಏನು ಬರುತ್ತಿದೆ ಎಂದು ಒಮ್ಮೆಯಾದರೂ ನೋಡಬಾರದೇ?"

ಗುರುಗಳು ಹೊಸ್ತಿಲ ಆಚೆಯ ಜಾಗವನ್ನೂ ಅವನ ಕಂಕುಳಲ್ಲಿದ್ದ ಚಾಪೆಯನ್ನೂ ನೋಡಿದರು.

"ನನ್ನ ದೀಪದ ಬಣ್ಣ ಯಾವುದೆಂದು ನೀನು ನೋಡಿದ್ದೀಯಾ?"

ಚಾಪೆ ಕಂಕುಳಲ್ಲೇ ಉಳಿಯಿತು.