ಹೆಂಡದ ಗಡಿಗೆ ಮುಂದೆ ಪಿಳ್ಳಪ್ಪ ಆಡಿದ ಇಸ್ಪೀಟು

ಹೂಂಗುಟ್ಟೋರು ಹತ್ತಿರ ಕೂತುಕೊಳ್ಳಿ, ತೂಕಡಿಸೋರು ಗೋಡೆ ಕಡೆ ಹೋಗಿ. ಮಧ್ಯದಲ್ಲಿ ಎದ್ದು ಹೋಗಿ ಬಂದವರಿಗೆ ನಾನು ಮೊದಲಿಂದ ಹೇಳೋದಿಲ್ಲ.

ಒಂದೂರಲ್ಲಿ ಮುನೆಕ್ಕ ಅಂತ ಒಬ್ಬಳಿದ್ದಳು. ಗಂಡ ಸತ್ತು ಬಹಳ ವರ್ಷ ಆಗಿತ್ತು. ಇದ್ದವನು ಒಬ್ಬನೇ ಮಗ, ಪಿಳ್ಳಪ್ಪ. ಆಳು ನೋಡಿದರೆ ಎತ್ತಿನ ಹಾಗೆ ಗಟ್ಟಿ. ಕೆಟ್ಟ ಗುಣ ಅನ್ನೋದು ಒಂದೂ ಇಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ತೊಂದರೆ ಇದ್ದದ್ದೂ ಅಲ್ಲೇ.

ಒಂದು ದಿನ ಮುನೆಕ್ಕ "ಹಾಲು ಉಕ್ಕುತ್ತೇನೋ ನೋಡ್ತಿರು" ಅಂತ ಹೇಳಿ ನೀರಿಗೆ ಹೋದಳು. ಬಂದು ನೋಡಿದರೆ ಒಲೆ ಆರಿ ಹೋಗಿತ್ತು, ಹಾಲೆಲ್ಲ ಬೂದಿ ಪಾಲಾಗಿತ್ತು. ಪಿಳ್ಳಪ್ಪ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಉಕ್ತು ಕಣಮ್ಮ," ಅಂದ. "ಪೂರ್ತಿ ನೋಡ್ದೆ."

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಮುನೆಕ್ಕನಿಗೂ ಮುದ್ದೇ. ಆದರೆ ಅವಳ ಎದೇಲಿ ಒಂದು ಭಯ ಕೂತಿತ್ತು. ನಾನು ಇರೋತನಕ ಹೇಳ್ತೀನಿ, ಇವನು ಮಾಡ್ತಾನೆ. ನಾನು ಹೋದ ಮೇಲೆ ಇವನಿಗೆ ಉಣ್ಣು ಅಂತ ಯಾರು ಹೇಳ್ತಾರೆ? ಅನ್ನ ಮುಂದೆ ಇಟ್ಟುಕೊಂಡೇ ಉಪವಾಸ ಸಾಯ್ತಾನೆ. ಅದಕ್ಕೇ ಅವಳಿಗೆ ಒಬ್ಬ ಸೊಸೆ ಬೇಕಾಗಿತ್ತು. ಬುದ್ಧಿ ಇರೋ ಸೊಸೆ, ಬಾಯಿ ಇರೋ ಸೊಸೆ.

ಅಂಥವಳೊಬ್ಬಳು ಈಚಲಹಳ್ಳಿಯಲ್ಲಿ ಸಿಕ್ಕಳು. ಹೆಸರು ಯಲ್ಲಕ್ಕ. ಅಪ್ಪ ಅಮ್ಮ ಇಲ್ಲ. ಸೋದರಮಾವ ಗಂಗುಲಪ್ಪ ಸಾಕಿದ್ದ. ಗಂಗುಲಪ್ಪನೂ ಹೆಂಡತಿ ತೀರಿಕೊಂಡವನು, ಅವನಿಗೆ ಇದ್ದ ಆಸ್ತಿ ಒಂದು ದಪ್ಪ ಮೀಸೆ, ಒಂದು ಕಾಳಗದ ಟಗರು.

ಈಚಲಹಳ್ಳಿಯಲ್ಲಿ ಒಂದು ಪದ್ಧತಿ. ಹೆಣ್ಣು ಕೊಡುವ ಮುಂಚೆ ಗಂಡನ್ನು ಕರೆದು ಹೆಂಡದ ಗಡಿಗೆ ಮುಂದೆ ಇಸ್ಪೀಟಿಗೆ ಕೂರಿಸುತ್ತಾರೆ. ಹೊಟ್ಟೆಗೆ ಹೆಂಡ ಬಿದ್ದಾಗ ಗಂಡಸಿನ ಗುಣ ಆಚೆ ಬರುತ್ತೆ, ಬಯ್ಯೋನು ಬಯ್ತಾನೆ, ಬಡಿಯೋನು ಬಡೀತಾನೆ, ಮೊದಲೇ ತಿಳಿದುಕೊಂಡರೆ ಹುಡುಗಿಗೆ ಕ್ಷೇಮ ಅಂತ. ಎಲೆಗಳ ಕಟ್ಟು ಪೂರ್ತಿ ಮುಗಿಯೋತನಕ ಗಂಡು ಮರ್ಯಾದೆಯಾಗಿ ಕೂತಿದ್ದರೆ ಹೆಣ್ಣಿನ ಕಡೆ ಹಿರಿಯ ಎದ್ದು ಕರಟದಲ್ಲಿ ಹೆಂಡ ಹಿಡಿದು ಮಾತು ಕೊಡುತ್ತಾನೆ. ಗಡಿಗೆ ಮುಂದೆ ಆಡಿದ ಮಾತನ್ನು ಈಚಲಹಳ್ಳಿಯಲ್ಲಿ ಯಾರೂ ಹಿಂದಕ್ಕೆ ತಗೊಂಡಿದ್ದಿಲ್ಲ. ಆಟ ಕೆಟ್ಟರೆ ಇನ್ನೊಂದು ದಿನ ಆಡಬಹುದು, ಹುಡುಗಿ ಒಲ್ಲೆ ಅನ್ನೋತನಕ.

ಮುನೆಕ್ಕ ಮಗನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. "ಅಲ್ಲಿ ದೊಡ್ಡೋರು ಏನು ಹೇಳ್ತಾರೋ ಅಷ್ಟೇ ಮಾಡು. ನಿನ್ನ ಬುದ್ಧಿ ಓಡಿಸ್ಬೇಡ."

"ಆಗ್ಲಮ್ಮ," ಅಂದ ಪಿಳ್ಳಪ್ಪ.

ಅಂಗಳದಲ್ಲಿ ಗಡಿಗೆ ಇಟ್ಟಿದ್ದರು. ಗಡಿಗೆ ಸುತ್ತ ಇಸ್ಪೀಟಿನ ಎಲೆಗಳನ್ನು ಮುಖ ಕೆಳಗೆ ಮಾಡಿ ಬಳೆಯ ಹಾಗೆ ಹರಡಿದ್ದರು. ಸುತ್ತ ಊರ ಗಂಡಸರು. ಗಂಗುಲಪ್ಪ ಆಟ ಹೇಳಿಕೊಟ್ಟ.

"ನೋಡಪ್ಪಾ ಅಳಿಯ. ಸರದಿ ಬಂದಾಗ ಒಂದು ಎಲೆ ಮಗುಚು. ಕೆಂಪು ಬಂದ್ರೆ ನೀನು ಒಂದು ಕರಟ ಕುಡಿ. ಕಪ್ಪು ಬಂದ್ರೆ ಬಲಗಡೆ ಪಕ್ಕದಲ್ಲಿರೋರಿಗೆ ಕುಡಿಸು. ರಾಜ ಬಂದ್ರೆ ಎಲ್ರೂ ಕುಡೀಬೇಕು. ರಾಣಿ ಬಂದ್ರೆ ಯಾರೂ ಕುಡಿಯಂಗಿಲ್ಲ, ಸುಮ್ಕೆ ಕೂತ್ಕೋಬೇಕು. ಗುಲಾಮ ಬಂತೋ, ಬಂದೋನು ಗಡಿಗೆ ಎತ್ಕೊಂಡು ಎಲ್ರಿಗೂ ಹುಯ್ದು ಕೊಡ್ಬೇಕು. ತಿಳೀತಾ?"

"ತಿಳೀತು ಮಾವ."

ಮಗುಚಿದ. ಕಪ್ಪು. ಪಿಳ್ಳಪ್ಪ ಬಲಗಡೆ ತಿರುಗಿದ. ಬಲಗಡೆ ಕಂಬ, ಕಂಬಕ್ಕೆ ಕಟ್ಟಿದ ಟಗರು. ಕರಟ ತುಂಬಿ ಟಗರಿನ ಬಾಯಿಗೆ ಹಿಡಿದ. ಟಗರು ಯಾಕೆ ಬೇಡ ಅಂದೀತು? ಗಂಡಸರು ಅವರವರ ಮಾತಿನಲ್ಲಿದ್ದರು, ಯಾರೂ ನೋಡಲಿಲ್ಲ. ಇನ್ನೊಂದು ಸರದಿ, ಕಪ್ಪು. ಮತ್ತೊಂದು, ಅದೂ ಕಪ್ಪು. ಪಿಳ್ಳಪ್ಪನ ಗಂಟಲಿಗೆ ಒಂದು ಹನಿ ಇಳಿಯಲಿಲ್ಲ, ಟಗರಿನ ಕಣ್ಣು ಕೆಂಪಗಾಯಿತು. ಅದು ಹಗ್ಗ ಕಿತ್ತುಕೊಂಡು ಮೊದಲು ಗಡಿಗೆಗೆ ಗುದ್ದಿತು, ಆಮೇಲೆ ಗಂಗುಲಪ್ಪನಿಗೆ. ಎಲ್ಲಿಗೆ ಗುದ್ದಿತು ಅಂತ ಕೇಳಬೇಡಿ, ಅವನು ಆಮೇಲೆ ಸುಮಾರು ದಿನ ನಿಂತುಕೊಂಡೇ ಊಟ ಮಾಡಿದ.

"ಏನಮ್ಮ ಯಲ್ಲಕ್ಕ, ಇವನ ಸಹವಾಸ ಸಾಕಲ್ವಾ?" ಅಂತ ಗಂಗುಲಪ್ಪ ಕೇಳಿದ.

ಯಲ್ಲಕ್ಕ ಬಾಗಿಲ ಹಿಂದಿನಿಂದ ಅಂದಳು, "ಪಕ್ಕದಲ್ಲಿರೋರಿಗೆ ಅಂತ ನೀನೇ ಹೇಳ್ದೆ. ಅವನು ಕೊಟ್ಟ. ಇನ್ನೊಂದು ಸಲ ಆಡ್ಲಿ."

ಮನೆಗೆ ಬಂದ ಮಗನಿಗೆ ಮುನೆಕ್ಕ ಬೈದಳು. "ಟಗರಿಗೆ ಯಾವನಾದ್ರೂ ಹೆಂಡ ಕುಡಿಸ್ತಾನೇನೋ? ಮನುಷ್ರಿಗೆ ಕೊಡ್ಬೇಕು. ಅದೂ ಅಲ್ಲಿರೋರಲ್ಲಿ ಯಾರು ಹಿರಿಯರೋ ಅವರಿಗೆ ಮೊದಲು. ಬೇಡ ಬೇಡ ಅಂತಾರೆ, ಅದು ಮರ್ಯಾದೆಗೆ ಅನ್ನೋದು. ಬಿಡದೇ ಕುಡಿಸ್ಬೇಕು."

"ಮೊದ್ಲೇ ಹೇಳಿದ್ರೆ ಹಂಗೇ ಮಾಡ್ತಿದ್ನಲ್ಲಮ್ಮ," ಅಂದ ಪಿಳ್ಳಪ್ಪ.

ಎರಡನೇ ಸಲ ಹೋದ. ಟಗರನ್ನು ಹಿತ್ತಲಲ್ಲಿ ಕಟ್ಟಿದ್ದರು. ಮಗುಚಿದ, ಕಪ್ಪು. ಬಲಗಡೆ ಕೂತವನು ಆಗಲೇ ಬಾಯಿ ಚಪ್ಪರಿಸುತ್ತಿದ್ದ. ಪಿಳ್ಳಪ್ಪ ಅವನ ಕಡೆ ನೋಡಲೂ ಇಲ್ಲ.

"ಇಲ್ಲಿ ಎಲ್ರಿಗಿಂತ ಹಿರೀರು ಯಾರು?"

"ಪೂಜಾರಪ್ಪ," ಅಂತ ಯಾರೋ ಜಗಲಿ ಕಡೆ ಕೈ ತೋರಿಸಿದರು.

ಪೂಜಾರಪ್ಪ ಊರ ದೇವರ ಪೂಜೆ ಮಾಡುವವನು. ದೇವರ ಸೇವೆ ಹಿಡಿದ ದಿನದಿಂದ ಹೆಂಡದ ವಾಸನೆಗೂ ಮೂಗು ಮುಚ್ಚಿಕೊಳ್ಳುವ ಮುದುಕ. ಆಟ ನ್ಯಾಯವಾಗಿ ನಡೆಯುತ್ತೋ ಇಲ್ಲವೋ ನೋಡೋದಕ್ಕೆ ಬಂದು ಕೂತಿದ್ದ. ಪಿಳ್ಳಪ್ಪ ಕರಟ ತುಂಬಿಕೊಂಡು ಹೋಗಿ ಎದುರು ನಿಂತ.

"ಬೇಡಪ್ಪಾ, ನಂಗೆ ಬೇಡ."

"ಗೊತ್ತು ತಾತ. ಮರ್ಯಾದೆಗೆ ಅಂತೀರ."

"ಮರ್ಯಾದೆಗಲ್ಲ ಕಣೋ, ನಿಜವಾಗ್ಲೂ ಬೇಡ."

"ಇನ್ನೂ ಜಾಸ್ತಿ ಮರ್ಯಾದಸ್ತರು ನೀವು," ಅಂತ ಹೇಳಿ ಪಿಳ್ಳಪ್ಪ ಮುದುಕನ ಮೂಗು ಹಿಡಿದು ಕರಟ ಪೂರ್ತಿ ಹುಯ್ದ.

ಊರಿಗೆ ಊರೇ ಎದ್ದಿತು. ಪೂಜಾರಪ್ಪನ ತಲೆ ಮೇಲೆ ಕೊಡಗಟ್ಟಲೆ ನೀರು ಸುರಿದರು, ಗಂಜಲ ಚಿಮುಕಿಸಿದರು, ಅವತ್ತು ದೇವರ ಬಾಗಿಲು ತೆಗೆಯಲಿಲ್ಲ. ಪೂಜಾರಪ್ಪ ಮಾತ್ರ ಸಂಜೆತನಕ ಜಗಲಿ ಮೇಲೆ ಒಬ್ಬನೇ ನಗುತ್ತ ಕೂತಿದ್ದ ಅಂತ ಹೇಳುತ್ತಾರೆ. ನಾನು ನೋಡಿಲ್ಲ.

"ಈಗ್ಲಾದ್ರೂ ಒಲ್ಲೆ ಅಂತೀಯಾ?" ಅಂದ ಗಂಗುಲಪ್ಪ.

"ಕುಡಿದು ಬಯ್ಯೋ ಗಂಡಸ್ರನ್ನ ಬೇಕಾದಷ್ಟು ನೋಡಿದ್ದೀನಿ ಮಾವ," ಅಂದಳು ಯಲ್ಲಕ್ಕ. "ಹೇಳಿದ ಮಾತು ಕೇಳೋನು ಇವನೊಬ್ಬನೇ. ಇನ್ನೊಂದು ಸಲ ಆಡ್ಲಿ."

ಮುನೆಕ್ಕ ಹಣೆ ಹಣೆ ಚಚ್ಚಿಕೊಂಡಳು. "ದೇವರ ಪೂಜೆ ಮಾಡೋರಿಗೆ ಕುಡಿಸಿದ್ಯಲ್ಲೋ ಪಾಪಿ. ಬೇಡ ಅಂದ್ರೆ ಬಿಡ್ಬೇಕು. ಇನ್ಮೇಲೆ ಅಲ್ಲಿ ಯಾರ ಬಾಯಲ್ಲಾದ್ರೂ ಬೇಡ ಅನ್ನೋ ಮಾತು ಬಂದ್ರೆ ತಕ್ಷಣ ಎದ್ದು ಮನೆಗೆ ಬಂದ್ಬಿಡು. ತಿರುಗಿ ನೋಡ್ಬೇಡ."

"ಆಗ್ಲಮ್ಮ."

ಮೂರನೇ ಸಲ ಹೋದ. ಈ ಸಲ ಆಟ ಚೆನ್ನಾಗಿಯೇ ನಡೆಯಿತು. ಕೆಂಪು ಬಂತು, ಕುಡಿದ. ರಾಣಿ ಬಂತು, ಸುಮ್ಮನೆ ಕೂತ. ಆಮೇಲೆ ಗುಲಾಮ ಬಂತು. ಪಿಳ್ಳಪ್ಪ ಗಡಿಗೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಒಬ್ಬೊಬ್ಬರಿಗೂ ಹುಯ್ಯುತ್ತ ಬಂದ. ಒಂದು ಹನಿ ಚೆಲ್ಲಲಿಲ್ಲ. ಗಂಗುಲಪ್ಪನಿಗೆ ಖುಷಿಯಾಯಿತು. ಖುಷಿಯಾದಾಗ ನಮ್ಮವರು ಏನು ಮಾಡುತ್ತಾರೆ? ಕರಟ ಮುಂದಕ್ಕೆ ಚಾಚಿಕೊಂಡೇ ಉಪಚಾರದ ಮಾತು ಆಡುತ್ತಾರೆ.

"ಸಾಕು ಸಾಕು ಅಳಿಯ, ಬೇಡ," ಅಂದ ಗಂಗುಲಪ್ಪ.

ಪಿಳ್ಳಪ್ಪ ತಕ್ಷಣ ತಿರುಗಿ ಹೊರಟ. ಗಡಿಗೆ ಕಂಕುಳಲ್ಲೇ ಇತ್ತು.

"ಲೇ, ಗಡಿಗೆ ಇಟ್ಟು ಹೋಗೋ," ಅಂತ ಒಬ್ಬ ಕೂಗಿದ. ತಿರುಗಿ ನೋಡಬೇಡ ಅಂದಿದ್ದಾಳಲ್ಲ ಅಮ್ಮ, ಅವನು ನೋಡಲಿಲ್ಲ. ಗಂಡಸರು ಎದ್ದು ಅಟ್ಟಿಸಿಕೊಂಡು ಬಂದರು. ಕುಡಿದ ಕಾಲು ಎಷ್ಟು ದೂರ ಓಡುತ್ತೆ? ಒಬ್ಬ ಬೇಲಿಗೆ ಬಿದ್ದ, ಒಬ್ಬ ಹೊಂಡಕ್ಕೆ ಬಿದ್ದ. ಪಿಳ್ಳಪ್ಪ ನೆಟ್ಟಗೆ ಮನೆಗೆ ಬಂದು ಅಮ್ಮನ ಮುಂದೆ ಗಡಿಗೆ ಇಳಿಸಿದ.

ಮುನೆಕ್ಕನಿಗೆ ಬಯ್ಯೋದಕ್ಕೂ ಶಕ್ತಿ ಉಳಿದಿರಲಿಲ್ಲ. ಗಡಿಗೆ ಪಕ್ಕದಲ್ಲೇ ಕೂತು ಅತ್ತಳು. ಅಷ್ಟರಲ್ಲಿ ಈಚಲಹಳ್ಳಿಯಿಂದ ಹೇಳಿಕೆ ಬಂತು, ಹುಡುಗಿ ಈಗಲೂ ಒಲ್ಲೆ ಅಂದಿಲ್ಲ, ಆದರೆ ಇದೇ ಕೊನೆ ಆಟ, ಇದೂ ಕೆಟ್ಟರೆ ಬೇರೆ ಕಡೆ ಕೊಡ್ತೀವಿ ಅಂತ. ಈ ಸಲ ಮುನೆಕ್ಕ ಮಗನನ್ನು ಒಬ್ಬನೇ ಕಳಿಸಲಿಲ್ಲ, ಜೊತೆಗೆ ಹೊರಟಳು. ದಾರಿಯುದ್ದಕ್ಕೂ ಯೋಚನೆ ಮಾಡಿ, ಯಾವ ಕಡೆಯಿಂದಲೂ ತಪ್ಪದ ಹಾಗೆ ಒಂದು ಮಾತು ಹೇಳಿದಳು.

"ನಿಮ್ಮ ಮಾವನ ಪಕ್ಕದಲ್ಲಿ ಕೂತ್ಕೋ. ಅವರು ಮಾಡಿದ್ದು ಮಾಡು, ಅವರು ಅಂದಿದ್ದು ಅನ್ನು. ಅದು ಬಿಟ್ಟು ಬೇರೇನೂ ಬೇಡ."

"ಇದು ಸುಲಭ ಕಣಮ್ಮ," ಅಂದ ಪಿಳ್ಳಪ್ಪ.

ಸುಲಭವೇ ಆಯಿತು. ಗಂಗುಲಪ್ಪ ಎಲೆ ಮಗುಚಿದ, ಪಿಳ್ಳಪ್ಪ ಮಗುಚಿದ. ಗಂಗುಲಪ್ಪ ಪಕ್ಕದವನಿಗೆ ಕುಡಿಸಿದ, ಪಿಳ್ಳಪ್ಪ ಕುಡಿಸಿದ. ಗಂಗುಲಪ್ಪ ಮೀಸೆ ಒರೆಸಿಕೊಂಡ, ಪಿಳ್ಳಪ್ಪನೂ ಇಲ್ಲದ ಮೀಸೆ ಒರೆಸಿಕೊಂಡ. ಒಂದೊಂದೇ ಎಲೆ ಮುಗಿಯುತ್ತ ಬಂದು ಗಡಿಗೆ ಸುತ್ತ ನೆಲ ಬರಿದಾಯಿತು. ಹುಡುಗ ಆಟ ಕಲಿತ ಅಂತ ಎಲ್ಲರೂ ತಲೆ ಆಡಿಸಿದರು. ಜಗಲಿ ಮೇಲೆ ಹೆಂಗಸರ ಜೊತೆ ಕೂತಿದ್ದ ಮುನೆಕ್ಕ ಸೆರಗಲ್ಲಿ ಮುಖ ಒರೆಸಿಕೊಂಡಳು.

ಇನ್ನು ಉಳಿದದ್ದು ಮಾತು. ಹೆಣ್ಣಿನ ಕಡೆಯವರು ಕೊಟ್ಟೆವು ಅನ್ನಬೇಕು, ಗಂಡಿನ ಕಡೆಯವರು ತಂದೆವು ಅನ್ನಬೇಕು, ಇಬ್ಬರೂ ಕುಡಿಯಬೇಕು. ಗಂಡಿನ ಕಡೆ ಗಂಡಸು ಅಂತ ಇದ್ದವನು ಪಿಳ್ಳಪ್ಪ ಒಬ್ಬನೇ.

ಗಂಗುಲಪ್ಪ ಎದ್ದ. ಪಿಳ್ಳಪ್ಪನೂ ಎದ್ದ. ಗಂಗುಲಪ್ಪ ಕರಟ ಎತ್ತಿ ಹಿಡಿದು ಗಟ್ಟಿಯಾಗಿ ಅಂದ, "ನಮ್ಮ ಮನೆ ಹೆಣ್ಣು ನಿಮ್ಮ ಮನೆಗೆ ಕೊಟ್ಟೆವು."

ಪಿಳ್ಳಪ್ಪ ಕರಟ ಎತ್ತಿ ಹಿಡಿದು ಇನ್ನೂ ಗಟ್ಟಿಯಾಗಿ ಅಂದ, "ನಮ್ಮ ಮನೆ ಹೆಣ್ಣು ನಿಮ್ಮ ಮನೆಗೆ ಕೊಟ್ಟೆವು."

ಅಂದು, ಕುಡಿದುಬಿಟ್ಟ.

ಎಲ್ಲರೂ ಪೂಜಾರಪ್ಪನ ಮುಖ ನೋಡಿದರು. ಮುದುಕ ಬಹಳ ಹೊತ್ತು ಗಲ್ಲ ಕೆರೆದುಕೊಂಡ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು," ಅಂದ. "ಗಡಿಗೆ ಮುಂದೆ ಆಡಾಯ್ತು. ಇವರೂ ಕೊಟ್ಟರು, ಅವರೂ ಕೊಟ್ಟರು. ಇದು ಸಾಟಿ ಮದುವೆ. ಈ ಮನೆ ಹೆಣ್ಣು ಆ ಮನೆಗೆ, ಆ ಮನೆ ಹೆಣ್ಣು ಈ ಮನೆಗೆ. ಒಂದು ನಡೆದರೆ ಎರಡೂ ನಡೀಬೇಕು, ಒಂದು ಬಿಟ್ಟರೆ ಎರಡೂ ಬಿಡಬೇಕು."

"ಆ ಮನೇಲಿ ಹೆಣ್ಣು ಅಂತ ಯಾರಿದ್ದಾರೆ?" ಅಂತ ಒಬ್ಬ ಕೇಳಿದ.

ಎಲ್ಲರೂ ಜಗಲಿ ಕಡೆ ನೋಡಿದರು. ಮುನೆಕ್ಕ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಗಂಗುಲಪ್ಪ ನೆಲ ನೋಡುತ್ತಿದ್ದ. ಗಂಡ ಸತ್ತವಳಿಗೆ ಸೀರೆ ಉಡಿಸಿ ಕೂಡಿಕೆ ಮದುವೆ ಮಾಡಿಕೊಳ್ಳೋದು ಆ ಸೀಮೆಯಲ್ಲಿ ಉಂಟು, ಅವಮಾನ ಏನಲ್ಲ.

"ನಂದೇನೂ ಅಡ್ಡಿ ಇಲ್ಲ," ಅಂದ ಗಂಗುಲಪ್ಪ, ನೆಲ ನೋಡುತ್ತಲೇ.

ಮುನೆಕ್ಕ ಎದ್ದು ಬಂದು ಮಗನ ಎದುರು ನಿಂತಳು. "ನನ್ನೇ ಕೊಟ್ಬಿಟ್ಯೇನೋ," ಅಂದಳು. ಬಯ್ಯಬೇಕು ಅಂತಲೇ ಬಂದವಳು, ಬೈಗುಳ ಬರಲಿಲ್ಲ. ಯಲ್ಲಕ್ಕನ ಕಡೆ ತಿರುಗಿದಳು. "ನಾನು ಒಪ್ಪದೇ ಹೋದ್ರೆ ನೀನೂ ಸಿಗಲ್ಲ ಇವನಿಗೆ. ಒಪ್ಪಿದ್ರೆ, ಇವನಿಗೆ ಉಣ್ಣು ಅಂತ ಹೇಳ್ತೀಯೇನಮ್ಮ?"

"ಹೇಳ್ತೀನತ್ತೆ," ಅಂದಳು ಯಲ್ಲಕ್ಕ. "ಹೊಟ್ಟೆ ತುಂಬಿದ ಮೇಲೆ ಸಾಕು ಏಳು ಅಂತಾನೂ ಹೇಳ್ತೀನಿ."

ಮುನೆಕ್ಕ ಒಪ್ಪಿದಳು. ಒಳಗಿನಿಂದ ಹೊಸ ಸೀರೆ ಬಂತು, ಗಂಗುಲಪ್ಪ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತ. ಅದನ್ನು ಉಟ್ಟು ಹೊಸಿಲು ದಾಟಿ ಒಳಗೆ ಹೋದರೆ ಮುನೆಕ್ಕ ಆ ಮನೆಯವಳು.

ಆಗ ಯಲ್ಲಕ್ಕ ಗಂಡನಾಗುವವನಿಗೆ ಮೊದಲನೇ ಸಲ ಒಂದು ಮಾತು ಹೇಳಿದಳು. "ನಿಮ್ಮಮ್ಮನ ಕಾಲಿಗೆ ಬೀಳು. ಎರಡು ಕೈಯಲ್ಲೂ ಹಿಡ್ಕೊಂಡು ತಪ್ಪಾಯ್ತು ಅನ್ನು."

ಪಿಳ್ಳಪ್ಪ ಬಿದ್ದ. ಎರಡು ಕೈಯಲ್ಲೂ ಹಿಡಿದುಕೊಂಡ. ತಪ್ಪಾಯ್ತು ಅಂದ. ಕೈ ಬಿಡಲಿಲ್ಲ. ಮುನೆಕ್ಕ ಕಾಲೆತ್ತೋದಕ್ಕೆ ಹೋದಳು, ಆಗಲಿಲ್ಲ.

"ಬಿಡೋ ಅಳಿಯ, ಹೊತ್ತಾಯ್ತು," ಅಂದ ಗಂಗುಲಪ್ಪ.

"ಬಿಡಪ್ಪಾ," ಅಂದ ಪೂಜಾರಪ್ಪ.

"ಹಿಡ್ಕೋ ಅಂದಿದ್ದು ಅವಳು," ಅಂದ ಪಿಳ್ಳಪ್ಪ ನೆಲದ ಮೇಲಿಂದ. "ಬಿಡು ಅಂತ ಅವಳೇ ಹೇಳ್ಲಿ."

ಎಲ್ಲರೂ ಯಲ್ಲಕ್ಕನ ಕಡೆ ನೋಡಿದರು. ಯಲ್ಲಕ್ಕ ಮುನೆಕ್ಕನ ಮುಖ ನೋಡಿದಳು. ಮುನೆಕ್ಕ ಬಗ್ಗಿ ಮಗನ ತಲೆ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಒಲೆ ಮೇಲೆ ಎಸರಿಟ್ಟಿದ್ದೀನಿ, ನೋಡ್ಕೊಂಡು ಬರ್ತೀನಿ," ಅಂತ ಯಲ್ಲಕ್ಕ ಬಿಡು ಅನ್ನದೇ ಒಳಗೆ ಹೋದಳು. ಬೇಗ ಬರಲಿಲ್ಲ. ಗಂಗುಲಪ್ಪ ಸೀರೆ ಹಿಡಿದುಕೊಂಡು ನಿಂತೇ ಇದ್ದ.