ಬಿಳಿ ಕಾಯಿಯ ಮೊದಲ ನಡೆ

ಊರಿನ ದೇಸಾಯರು ಚದುರಂಗಕ್ಕೆ ಕೂತರೆ ಬಿಳಿ ಕಾಯಿಯನ್ನೇ ಹಿಡಿಯುತ್ತಿದ್ದರು. ಮೊದಲ ನಡೆ ಯಾವುದೆಂದು ಮಾತ್ರ ಆಳುಗಳನ್ನು ಕೇಳುತ್ತಿದ್ದರು. "ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿರಿ" ಎಂದ ಒಂದು ದಿನ ಅಡಿಗೆಯ ಗುರುಪಾದ. ಆ ಆಟದಲ್ಲಿ ದೇಸಾಯರು ಮನೆಗೆ ಬಂದಿದ್ದ ಬೀಗರಿಗೆ ಸೋತರು. ಗುರುಪಾದನನ್ನು ಕೆಲಸದಿಂದ ಓಡಿಸಿದರು.

ಮರುದಿನ ಗುಮಾಸ್ತ ಶೇಷಾಚಾರಿಯ ಸರದಿ ಬಂತು. ಇಪ್ಪತ್ತು ವರ್ಷ ಅನ್ನ ಬೇಯಿಸಿ ಹಾಕಿದವನನ್ನು ಒಂದು ಕಾಲಾಳಿಗಾಗಿ ಹೊರಹಾಕಿದ್ದು ಅವನಿಗೆ ಸರಿಕಂಡಿರಲಿಲ್ಲ.

"ಎಲ್ಲಕ್ಕಿಂತ ಒಳ್ಳೆಯ ನಡೆ ಹೇಳು. ಸೋತರೆ ನೀನೂ ಮನೆಗೆ" ಎಂದರು ದೇಸಾಯರು.

"ಆಡಿಯೇ ತೋರಿಸುತ್ತೇನೆ, ಧಣಿ. ಇವತ್ತು ತಾವು ಕಪ್ಪು ಹಿಡಿಯಿರಿ."

ಬೀಗರು ನಗುತ್ತಾ ಜಾಗ ಬಿಟ್ಟುಕೊಟ್ಟರು. ಶೇಷಾಚಾರಿ ಗುರುಪಾದ ಹೇಳಿದ್ದ ಕಾಲಾಳನ್ನೇ ಎರಡು ಮನೆ ನಡೆಸಿದ. ಸ್ವಲ್ಪ ಹೊತ್ತಿಗೇ ದೇಸಾಯರ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ.

"ಗುರುಪಾದನ ನಡೆಯೇ ಗೆದ್ದಿತು" ಎಂದ ಗುಮಾಸ್ತ.

ದೇಸಾಯರ ಮುಖ ಕೆಂಪಾಯಿತು. "ಮೊದಲ ನಡೆಯಿಂದ ಯಾರಾದರೂ ಗೆಲ್ಲುತ್ತಾರೇನು? ಆಮೇಲೆ ನೀನು ಚೆನ್ನಾಗಿ ಆಡಿದೆ, ಅಷ್ಟೆ."

"ಹಾಗಾದರೆ ಮೊದಲ ನಡೆಯಿಂದ ಯಾರೂ ಸೋಲುವುದೂ ಇಲ್ಲ, ಧಣಿ."

ಬೀಗರು ಮೀಸೆಯೊಳಗೇ ನಕ್ಕರು. ದೇಸಾಯರು ಚದುರಂಗದ ಮಣೆಯನ್ನು ಅತ್ತ ಸರಿಸಿ, ಗುಮಾಸ್ತನಿಗೆ ಗುರುಪಾದನನ್ನು ಕರೆದುಕೊಂಡು ಬಾ ಎಂದರು.

ಶೇಷಾಚಾರಿ ಕೂತಲ್ಲಿಂದ ಏಳಲಿಲ್ಲ. "ಓಡಿಸಿದವರು ತಾವು. ಕರೆಯುವುದಕ್ಕೂ ತಾವೇ ಹೋಗಬೇಕು."